ಶಿಕಾಗೋದ ಹಿತ್ತಿಲಲ್ಲಿ ಸಿಕ್ಕ ಪಚ್ಚೆಗಣ್ಣಿನ ಚಿಟ್ಟೆ

ಮಳೆ ಹಿಂದೆಗೆದು ಎಳೆಬಿಸಿಲು ಬೀಳುವ ದಿನಗಳಲ್ಲಿ, ಆಟದ ಬಯಲುಗಳ ಮೇಲೆ, ಮನೆಯ ಮಾಳಿಗೆಗಳ ಮೇಲೆ, ಕೆರೆಯ ಏರಿಗಳ ಮೇಲೆ ಗುಂಪುಗುಂಪಾಗಿ ಹಾರಾಡುವ ಏರೋಪ್ಲೇನ್ ಚಿಟ್ಟೆಯನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಅದರ ಉದ್ದನೆಯ ಬಾಲಕ್ಕೆ ದಾರ ಕಟ್ಟಿ ಹಾರಿಸುವುದು ನಮ್ಮ ನಾಡಿನ ಹುಡುಗರ ಹಳೆಯ ಆಟ. ಊರು ಬಿಟ್ಟು ಊರಿಗೆ ಬಂದ ನಮ್ಮ ಸಂಸಾರಗಳಲ್ಲಿ ಈ ಒಂದು ಹುಳುವಿಗೆ ಎಷ್ಟೋ ಹೆಸರು. ಪುಣೆಯಲ್ಲಿ ಬೆಳೆಯುವ ಮಗು ಅದನ್ನು ಚತುರ ಎನ್ನುತ್ತದೆ. ಹೈದರಾಬಾದಿನ ಮಗು ತೂನೀಗ ಎನ್ನುತ್ತದೆ. ಚೆನ್ನೈಯ ಮಗು ತುಂಬಿ ಎನ್ನುತ್ತದೆ. ಮನೆಯಲ್ಲಿ ಅಜ್ಜಿಗೆ ಮಾತ್ರ ತುಂಬಿಯೆಂದರೆ ಹೂವಿನ ಮೇಲೆ ಝೇಂಕರಿಸುವ ದುಂಬಿ. ಅಜ್ಜಿಯೂ ಮೊಮ್ಮಗುವೂ ಒಂದೇ ಶಬ್ದವನ್ನಾಡಿ ಬೇರೆ ಬೇರೆ ಹುಳುಗಳನ್ನು ನೋಡುತ್ತಾರೆ!

ಹೆಸರು ಯಾವುದಾದರೇನು, ನೋಡಿದ್ದನ್ನೇ ನೋಡುತ್ತಿದ್ದೇವೆಂದು ನಾವು ಭಾವಿಸುತ್ತೇವೆ. ಅದು ನಿಜವಲ್ಲ. ಭಾರತವೊಂದರಲ್ಲೇ ಈ ಕುಲದಲ್ಲಿ ಸುಮಾರು ಐನೂರು ಜಾತಿಗಳಿವೆ. ಪ್ರಪಂಚದಲ್ಲಿ ಆರು ಸಾವಿರಕ್ಕೂ ಮೇಲೆ. ಅವುಗಳಲ್ಲಿ ಕೆಲವು ಎಲ್ಲೆಲ್ಲಿಯೂ ಇವೆ. ಕೆಲವು ಒಂದು ಕಣಿವೆಯಲ್ಲಿ, ಒಂದು ತೊರೆಯ ದಡದಲ್ಲಿ ಮಾತ್ರ ಇವೆ. ಅಂಥ ಒಂದು ಜಾತಿ ಕಣ್ಣಿಗೆ ಬೀಳದೆ ಹೋದರೆ, ಅದು ಅಳಿದುಹೋಯಿತೆ ಅಥವಾ ನಾವು ನೋಡಬೇಕಾದ ಕಡೆ ನೋಡಲಿಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯ ಸುತ್ತ ನಡೆದ ಒಂದು ನಿಜವಾದ ಕಥೆಯನ್ನು ಈ ಸಲ ನಮ್ಮ ಓದುಗರ ಮುಂದಿಡುತ್ತಿದ್ದೇವೆ. ಕಥೆ ನಡೆದದ್ದು ದೂರದ ಅಮೇರಿಕದಲ್ಲಿ. ಕಥಾನಾಯಕನ ತೂಕ ಒಂದು ಗ್ರಾಮಿಗೂ ಕಡಿಮೆ.

ನೀರಿನಲ್ಲಿ ಬಾಲ್ಯ, ಗಾಳಿಯಲ್ಲಿ ಮುಪ್ಪು

ಕಥೆಗೆ ಮೊದಲು ಈ ಹುಳುವಿನ ಬಾಳಿನ ಬಗೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬೇಕು. ನಾವು ಚಿಟ್ಟೆ ಎಂದು ಕರೆದರೂ ಇದು ಚಿಟ್ಟೆಯ ಬಳಗಕ್ಕೆ ಸೇರಿದ್ದಲ್ಲ. ಹೂವಿನ ಮಧುವನ್ನು ಇದು ಮುಟ್ಟುವುದಿಲ್ಲ. ಇದು ಅಪ್ಪಟ ಬೇಟೆಗಾರ. ಸೊಳ್ಳೆ, ನುಸಿ, ನೊಣಗಳನ್ನು ಹಾರುತ್ತಲೇ ಹಿಡಿದು ಹಾರುತ್ತಲೇ ತಿನ್ನುತ್ತದೆ. ಸಾವಿರಾರು ಸಣ್ಣ ಕಣ್ಣುಗಳು ಕೂಡಿದ ಎರಡು ದೊಡ್ಡ ಕಣ್ಣುಗಳು ತಲೆಯನ್ನೆಲ್ಲ ತುಂಬಿರುತ್ತವೆ. ನಾಲ್ಕು ರೆಕ್ಕೆಗಳನ್ನೂ ಬೇರೆ ಬೇರೆಯಾಗಿ ಬಡಿಯಬಲ್ಲುದಾದ್ದರಿಂದ ಇದು ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲುದು, ಹಿಂದಕ್ಕೂ ಸರಿಯಬಲ್ಲುದು.

ಆದರೆ ನಾವು ಕಾಣುವ ಈ ಹಾರಾಟ ಅದರ ಬಾಳಿನ ಕೊನೆಯ ಅಂಕ ಮಾತ್ರ. ಹೆಣ್ಣು ನೀರಿನಲ್ಲೋ ನೀರಂಚಿನ ಕೆಸರಿನಲ್ಲೋ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬರುವ ಮರಿಗೆ ರೆಕ್ಕೆಯಿಲ್ಲ, ಅಂದವಿಲ್ಲ. ಮಣ್ಣಿನ ಬಣ್ಣದ, ಆರು ಕಾಲಿನ ಹುಳು ಅದು. ನೀರಿನಲ್ಲೇ ಉಸಿರಾಡಿಕೊಂಡು, ನೀರಿನ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತ, ಮತ್ತೆ ಮತ್ತೆ ಪೊರೆ ಕಳಚುತ್ತ ಬೆಳೆಯುತ್ತದೆ. ಕಡೆಗೆ ಒಂದು ದಿನ ಜೊಂಡಿನ ಎಲೆಯನ್ನೇರಿ, ಬೆನ್ನಿನ ಚರ್ಮವನ್ನು ಸೀಳಿಕೊಂಡು, ರೆಕ್ಕೆಯ ಪ್ರಾಣಿಯಾಗಿ ಹೊರಬರುತ್ತದೆ. ಆದುದರಿಂದ ಈ ಹುಳುವಿನ ಮನೆ ಆಕಾಶವಲ್ಲ, ನೀರು. ನೀರು ಕೆಟ್ಟರೆ ಮನೆ ಕೆಟ್ಟಿತು. ನಮ್ಮ ಕಥೆಯ ಬೀಗದ ಕೈ ಇಲ್ಲಿದೆ.

ಹೆಸರಿಟ್ಟವರು, ಹೆಸರಾದವರು

ಅಮೇರಿಕದ ಓಹಿಯೋ ಸಂಸ್ಥಾನದಲ್ಲಿ ಲೋಗನ್ ಎಂಬ ಜಿಲ್ಲೆಯಿದೆ. 1929ರ ಬೇಸಗೆಯಲ್ಲಿ ಅಲ್ಲಿಯ ಜವುಗಿನಲ್ಲಿ ಹಿಡಿದ ಕೆಲವು ಹುಳುಗಳು ಆವರೆಗೆ ಗೊತ್ತಿದ್ದ ಯಾವ ಜಾತಿಗೂ ಸರಿಹೊಂದಲಿಲ್ಲ. ಇವು ಹೊಸ ಜಾತಿಯವೆಂದು ಗುರುತಿಸಿ 1931ರಲ್ಲಿ ವರ್ಣನೆಯನ್ನು ಅಚ್ಚು ಹಾಕಿಸಿದವರು ಎಡ್ವರ್ಡ್ ಬ್ರೂಸ್ ವಿಲಿಯಮ್‌ಸನ್ ಎಂಬವರು. ಇಂಡಿಯಾನಾ ಸಂಸ್ಥಾನದ ಬ್ಲಫ್ಟನ್ ಎಂಬ ಸಣ್ಣ ಊರಿನಲ್ಲಿ ಇವರದು ಬ್ಯಾಂಕಿನ ಉದ್ಯೋಗ. ಆದರೆ ಈ ಹುಳುಗಳ ವಿಷಯದಲ್ಲಿ ಅಮೇರಿಕದ ದೊಡ್ಡ ಪಂಡಿತರಲ್ಲಿ ಒಬ್ಬರೆಂದು ಅವರ ಹೆಸರಿದೆ. ಹಗಲು ಲೆಕ್ಕದ ಪುಸ್ತಕ, ಬಿಡುವಿನಲ್ಲಿ ಹುಳುವಿನ ಪುಸ್ತಕ!

ಓಹಿಯೋದ ಕೀಟಗಳ ಅಭ್ಯಾಸದಲ್ಲಿ ಬಾಳು ಸವೆಸಿದ ಪ್ರೊಫೆಸರ್ ಜೇಮ್ಸ್ ಹೈನ್ ಅವರ ನೆನಪಿಗಾಗಿ ವಿಲಿಯಮ್‌ಸನ್ನರು ಹೊಸ ಜಾತಿಗೆ ಸೊಮಾಟೋಕ್ಲೋರಾ ಹೈನಿಯಾನಾ ಎಂದು ಹೆಸರಿಟ್ಟರು. ಹೆಸರು ಅಚ್ಚಾಗುವ ಹೊತ್ತಿಗೆ ಹೈನರು ತೀರಿಕೊಂಡಿದ್ದರು. ಜನರ ಮಾತಿನಲ್ಲಿ ಇದಕ್ಕೆ ‘ಹೈನನ ಪಚ್ಚೆ’ ಎಂಬರ್ಥದ ಹೆಸರು ಬಳಕೆಗೆ ಬಂದಿತು. ಹೆಸರು ತಕ್ಕದ್ದೇ. ಎರಡೂವರೆ ಅಂಗುಲದ ಮೈ, ಚಾಚಿದರೆ ಮೂರೂವರೆ ಅಂಗುಲದಷ್ಟಾಗುವ ರೆಕ್ಕೆ, ಲೋಹದ ಹೊಳಪಿನ ಕಪ್ಪು ಹಸುರು ಎದೆ, ಎದೆಯ ಪಕ್ಕಗಳಲ್ಲಿ ಹಳದಿಯ ಎರಡೆರಡು ಪಟ್ಟೆ, ಇವೆಲ್ಲದರ ಮುಂದೆ ಪಚ್ಚೆಯ ಹರಳಿನಂತೆ ಮಿರುಗುವ ಎರಡು ಕಣ್ಣು.

ಕಣ್ಮರೆ

ಹೆಸರು ಬಂದ ಮೇಲೆ ಬಾಳು ಉಳಿಯುತ್ತದೆಂಬ ನಿಯಮವೇನೂ ಇಲ್ಲ. ಓಹಿಯೋ ಸಂಸ್ಥಾನವು ಬೇಸಾಯಕ್ಕಾಗಿಯೂ ಊರು ಕಟ್ಟುವುದಕ್ಕಾಗಿಯೂ ಕಾಲುವೆ ತೋಡಿ ನೀರು ಬಸಿದು ತನ್ನ ಜವುಗುಭೂಮಿಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಭಾಗವನ್ನು ಕಳೆದುಕೊಂಡಿದೆ. ಜವುಗು ಎಂದರೆ ಕೆಲಸಕ್ಕೆ ಬಾರದ ನೆಲ, ಸೊಳ್ಳೆಯ ತವರು ಎಂಬುದೇ ಆ ಕಾಲದ ತಿಳಿವಳಿಕೆ. ಜವುಗು ಹೋದಂತೆ ಅದನ್ನೇ ನೆಚ್ಚಿದ ಪಚ್ಚೆಗಣ್ಣಿನ ಹುಳುವೂ ಹೋಯಿತು. 1960ರ ದಶಕದ ಮೊದಲ ವರ್ಷಗಳ ತರುವಾಯ ಓಹಿಯೋದಲ್ಲಿ ಅದು ಯಾರ ಬಲೆಗೂ ಬೀಳಲಿಲ್ಲ. ನೆರೆಯ ಇಂಡಿಯಾನಾದಲ್ಲಿಯೂ ಹಿಂದೆ ಕಂಡದ್ದು ಮತ್ತೆ ಕಾಣಿಸಲಿಲ್ಲ. ಮುಗಿಯಿತು, ಈ ಜಾತಿ ನಿರ್ವಂಶವಾಯಿತು ಎಂದು ತಿಳಿದವರು ಅಂದುಕೊಂಡರು. ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ ಗುಂಡುಸೂಜಿಗೆ ಚುಚ್ಚಿದ, ಕಣ್ಣಿನ ಬಣ್ಣ ಆರಿದ ಕೆಲವು ದೇಹಗಳಷ್ಟೇ ಉಳಿದವು.

ಹಾಗೆ ಅಂದುಕೊಳ್ಳುವುದಕ್ಕೆ ಕಾರಣವಿತ್ತು. ಈ ಕುಲದ ಅಣ್ಣತಮ್ಮಂದಿರು ಅಮೇರಿಕದಲ್ಲಿ ಹಲವರಿದ್ದಾರೆ. ಎಲ್ಲರಿಗೂ ಹಸುರು ಕಣ್ಣು, ಎಲ್ಲರದೂ ಕಪ್ಪು ಹಸುರು ಮೈ. ಹಾರುವಾಗ ಇವರಲ್ಲಿ ಹೈನಿಯಾನಾ ಯಾರೆಂದು ಹೇಳುವುದು ಬಹಳ ಕಷ್ಟ. ಕೈಯಲ್ಲಿ ಹಿಡಿದು, ಗಂಡಿನ ಬಾಲದ ತುದಿಯಲ್ಲಿರುವ ಕೊಂಡಿಗಳ ಆಕಾರವನ್ನು ಭೂತಕನ್ನಡಿಯಿಂದ ನೋಡಿಯೇ ಗೊತ್ತುಮಾಡಬೇಕು. ಮೇಲಾಗಿ ರೆಕ್ಕೆ ಬಂದ ಮೇಲೆ ಅದರ ಆಯುಷ್ಯ ಕೆಲವೇ ವಾರ. ಬೇಸಗೆಯ ಆ ಕೆಲವು ವಾರಗಳಲ್ಲಿ, ಸೊಂಟದವರೆಗೆ ಹೂತುಹೋಗುವ ಜೊಂಡಿನ ಜವುಗಿನಲ್ಲಿ, ತಿಳಿದವರೊಬ್ಬರು ಬಲೆ ಹಿಡಿದು ನಿಂತಿರಬೇಕು. ಇಷ್ಟೆಲ್ಲ ಕೂಡಿಬರುವುದು ಅಪರೂಪ. ಕಾಣಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ನಡುವೆ ಎಷ್ಟು ಅಂತರವಿದೆ ನೋಡಿ.

ಸಿಕ್ಕಿದ್ದು ಎಲ್ಲಿ?

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಕಳೆದುಹೋದ ಹುಳು 1988ರಲ್ಲಿ ಮತ್ತೆ ಜೀವಂತವಾಗಿ ಸಿಕ್ಕಿತು. ಎಲ್ಲಿ? ಮನುಷ್ಯರ ಸುಳಿವಿಲ್ಲದ ಘೋರಾರಣ್ಯದಲ್ಲಲ್ಲ. ಅಮೇರಿಕದ ಮಹಾನಗರಗಳಲ್ಲೊಂದಾದ ಶಿಕಾಗೋದ ಹಿತ್ತಿಲಲ್ಲಿ.

ಶಿಕಾಗೋದ ನೈರುತ್ಯಕ್ಕೆ ಡೆಸ್ ಪ್ಲೇನ್ಸ್ ಎಂಬ ನದಿ ಹರಿಯುತ್ತದೆ. ಶಿಕಾಗೋದಲ್ಲಿ ಮಗನೋ ಮಗಳೋ ನೆಲಸಿದ್ದು, ಅವರನ್ನು ನೋಡಲು ಹೋಗಿಬಂದ ನಮ್ಮ ಹಿರಿಯ ಓದುಗರಲ್ಲಿ ಹಲವರು ಆ ಕಡೆ ಹೋಗಿರಲೂ ಸಾಕು. ಏಕೆಂದರೆ ಅಲ್ಲಿಯ ಪ್ರಸಿದ್ಧವಾದ ಹಿಂದೂ ದೇವಾಲಯವಿರುವ ಲೆಮಾಂಟ್ ಊರು ಈ ನದಿಯ ಕಣಿವೆಯಂಚಿನಲ್ಲೇ ಇದೆ. ಕಣಿವೆಯ ಉದ್ದಕ್ಕೂ ಕೈಗಾರಿಕೆಯ ದರಬಾರು. 1900ರಲ್ಲಿ ತೆರೆದ ಶಿಕಾಗೋದ ದೊಡ್ಡ ಕಾಲುವೆ ನದಿಯ ಪಕ್ಕದಲ್ಲೇ ಹರಿಯುತ್ತದೆ. ನಗರದ ಹೊಲಸನ್ನು ಸರೋವರಕ್ಕೆ ಹೋಗಗೊಡದೆ ಈ ಕಡೆಗೆ ತಿರುಗಿಸಲೆಂದೇ ಅದನ್ನು ತೋಡಿದ್ದು. ಕಾಲುವೆಯ ಆಚೀಚೆ ಕಲ್ಲುಗಣಿಗಳು, ಎಣ್ಣೆ ಶುದ್ಧಿಮಾಡುವ ಕಾರಖಾನೆ, ವಿದ್ಯುತ್ತಿನ ತಂತಿಸಾಲುಗಳು, ಸರಕು ರೈಲಿನ ಹಳಿಗಳು. ಇವುಗಳ ಸಂದುಗೊಂದುಗಳಲ್ಲಿ ಅಲ್ಲಲ್ಲಿ ತುಂಡುತುಂಡಾಗಿ ಉಳಿದ ಜವುಗು. ಆ ತುಂಡುಗಳಲ್ಲಿ, ಜೊಂಡಿನ ಮೇಲೆ, ಪಚ್ಚೆಗಣ್ಣಿನ ಹುಳು ತನ್ನ ಪಾಡಿಗೆ ತಾನು ಹಾರಾಡಿಕೊಂಡಿತ್ತು.

ಹೆಸರಿನಲ್ಲಿ ಓಹಿಯೋದ ಪ್ರೊಫೆಸರರು, ಹುಟ್ಟಿದ ದಾಖಲೆ ಓಹಿಯೋದ್ದು, ಬಾಳುತ್ತಿರುವುದು ಮಾತ್ರ ಇಲಿನಾಯ್ ಸಂಸ್ಥಾನದ ಕಾರಖಾನೆಗಳ ನಡುವೆ. ತವರಿನ ವಿಳಾಸದಲ್ಲಿ ಹುಡುಕಿದರೆ ಸಿಗದವರು ಪರಸ್ಥಳದಲ್ಲಿ ಸಂಸಾರ ಹೂಡಿಕೊಂಡಿರಬಹುದೆಂಬುದು ನಮ್ಮಂಥವರಿಗೆ ಹೊಸ ಸಂಗತಿಯಲ್ಲವಷ್ಟೆ! ಆದರೆ ಒಂದು ಭೇದವಿದೆ. ನಾವು ವಲಸೆ ಬಂದವರು. ಈ ಹುಳು ಇಲ್ಲಿಗೆ ವಲಸೆ ಬಂದುದಲ್ಲ. ಅದರ ಹಳೆಯ ರಾಜ್ಯ ಬಹಳ ಅಗಲವಾಗಿತ್ತು. ಸುತ್ತಲಿನದೆಲ್ಲ ಅಳಿದು, ಅಳಿಯದ ಮೂಲೆಗಳಲ್ಲಿ ಅದು ಉಳಿದಿತ್ತು.

ಕಲ್ಲು, ಒರತೆ, ಜವುಗು

ಆ ಮೂಲೆಗಳೇ ಏಕೆ ಉಳಿದವು? ಇದಕ್ಕೆ ಉತ್ತರ ನೆಲದ ಅಡಿಯಲ್ಲಿದೆ. ಹಿಮಯುಗ ಮುಗಿಯುವ ಕಾಲಕ್ಕೆ, ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಕರಗಿದ ಹಿಮದ ಮಹಾಸರೋವರವೊಂದು ಈ ಕಣಿವೆಯ ಮೂಲಕ ನುಗ್ಗಿ ಹರಿದು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಅಡಿಯ ಡೋಲೊಮೈಟ್ ಎಂಬ, ಸುಣ್ಣಕಲ್ಲಿನ ಜಾತಿಯ ಬಂಡೆ ಮೇಲಕ್ಕೆ ಬಂದಿತು. ಮಣ್ಣು ತೆಳುವಾದ್ದರಿಂದ ನೇಗಿಲಿಗೆ ಆ ನೆಲ ಒಗ್ಗಲಿಲ್ಲ. ಹೀಗೆ ರೈತನಿಗೆ ಬೇಡವಾದದ್ದೇ ಹುಳುವಿಗೆ ವರವಾಯಿತು.

ಕಣಿವೆಯ ಎರಡು ಕಡೆಯ ದಿಣ್ಣೆಗಳ ಮೇಲೆ ಬಿದ್ದ ಮಳೆ, ಜಲ್ಲಿಮಣ್ಣಿನಲ್ಲಿ ಇಂಗಿ, ಬಂಡೆಯ ಬಿರುಕುಗಳಲ್ಲಿ ಮೆಲ್ಲಗೆ ನಡೆದು, ದಿಣ್ಣೆಯ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ಬಂಡೆಯ ಸುಣ್ಣದ ಅಂಶ ಈ ನೀರಿನಲ್ಲಿ ಕರಗಿರುತ್ತದೆ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ತಪ್ಪಲಿನ ಒರತೆ ಬೇಸಗೆಯಲ್ಲಿ ತಣ್ಣಗೂ ಚಳಿಗಾಲದಲ್ಲಿ ಬೆಚ್ಚಗೂ ಇರುವುದನ್ನು ಅವರು ಬಲ್ಲರು. ಇಲ್ಲಿಯೂ ಹಾಗೆಯೇ. ಹೊರಗೆ ಎಲ್ಲವೂ ಹೆಪ್ಪುಗಟ್ಟಿದಾಗ ಒರತೆಯ ನೀರು ಹೆಪ್ಪುಗಟ್ಟದು. ಅಂಥ ನೀರು ಬೆರಳುದ್ದ ಆಳದ ಸಣ್ಣ ಹರಿವುಗಳಾಗಿ ಜೊಂಡಿನ ನಡುವೆ ಹರಡಿಕೊಳ್ಳುತ್ತದೆ. ಮೊಟ್ಟೆಯಿಂದ ಹೊರಟ ಹೈನಿಯಾನಾ ಮರಿ ಈ ಹರಿವುಗಳ ಕೆಸರಿನಲ್ಲಿ ನಾಲ್ಕೈದು ವರ್ಷ ಕಳೆಯುತ್ತದೆ. ನಾಲ್ಕೈದು ವರ್ಷದ ತಪಸ್ಸು, ನಾಲ್ಕೈದು ವಾರದ ಹಾರಾಟ! ಈ ನಡುವೆ ಒಂದೇ ಒಂದು ವರ್ಷ ಒರತೆ ಪೂರ್ತಿ ಒಣಗಿದರೂ ಐದು ಪೀಳಿಗೆಯ ಮರಿಗಳು ಒಟ್ಟಿಗೆ ಅಪಾಯಕ್ಕೆ ಸಿಕ್ಕುತ್ತವೆ.

ಎಂಥ ಕಲ್ಲು, ಎಂಥ ನೀರು ಇರಬೇಕೆಂಬುದು ಒಮ್ಮೆ ಗೊತ್ತಾದ ಮೇಲೆ ಹುಡುಕುವ ಕೆಲಸ ಹಗುರವಾಯಿತು. ಇಲಿನಾಯ್ ಸಂಸ್ಥಾನದ ವಸ್ತುಸಂಗ್ರಹಾಲಯದ ಎವರೆಟ್ ಕ್ಯಾಷಟ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಜವುಗಿನಿಂದ ಜವುಗಿಗೆ ಅಲೆದು ಲೆಕ್ಕ ತೆಗೆದರು. ಉತ್ತರಕ್ಕೆ ವಿಸ್ಕಾನ್ಸಿನ್ ಸಂಸ್ಥಾನದ ಡೋರ್ ಜಿಲ್ಲೆಯಲ್ಲಿ, ಮಿಷಿಗನ್ ಸರೋವರದ ದಂಡೆಯಲ್ಲಿ, ಎಲ್ಲಕ್ಕಿಂತ ದೊಡ್ಡ ಹಿಂಡು ಇರುವುದು ಗೊತ್ತಾಯಿತು. ಮಿಷಿಗನ್ ಸಂಸ್ಥಾನದಲ್ಲಿಯೂ ಸಿಕ್ಕಿತು. 1999ರಲ್ಲಿ ದಕ್ಷಿಣದ ಮಿಸೂರಿಯಲ್ಲಿ ಸಿಕ್ಕಿತು. ಮುಂದೆ ಗಡಿಯಾಚೆ ಕೆನಡಾದ ಆಂಟೇರಿಯೋ ಪ್ರಾಂತದಲ್ಲಿಯೂ ಒಂದು ನೆಲೆ ತಿಳಿದುಬಂದಿತು. ಆದರೆ ಹೆಸರು ಕೊಟ್ಟ ಓಹಿಯೋದಲ್ಲಿ ಮಾತ್ರ ಅದು ಮರಳಿ ನೆಲಸಿದ್ದು ಕಂಡಿಲ್ಲ.

ವೈರಿಯ ಬಿಲದಲ್ಲಿ ಆಸರೆ

ಈ ಸಂಶೋಧನೆಯಲ್ಲಿ ಹೊರಬಿದ್ದ ಸಂಗತಿಗಳಲ್ಲೆಲ್ಲ ನಮಗೆ ಬಹಳ ಸೋಜಿಗವೆನಿಸಿದ್ದು ಒಂದುಂಟು. ಬೇಸಗೆಯ ಕೊನೆಯಲ್ಲಿ ಸಣ್ಣ ಹರಿವುಗಳು ಬತ್ತುವುದೂ ಉಂಟು. ಚಳಿಗಾಲದಲ್ಲಿ ಮೇಲಿನ ಕೆಸರು ಹೆಪ್ಪುಗಟ್ಟುವುದೂ ಉಂಟು. ಆಗ ಮರಿಗಳು ಎಲ್ಲಿಗೆ ಹೋಗುತ್ತವೆ?

ಅದೇ ಜವುಗಿನಲ್ಲಿ ಕ್ರೇಫಿಷ್ ಎಂಬ ಪ್ರಾಣಿಯಿದೆ. ಸೀಗಡಿಯ ಮೈ, ಏಡಿಯ ಕೊಂಬು ಎಂದು ಹೇಳಿದರೆ ಅದರ ರೂಪ ಕಣ್ಣಿಗೆ ಕಟ್ಟೀತು. ನಮ್ಮ ಗದ್ದೆಯ ಬದುವಿನಲ್ಲಿ ಏಡಿ ಬಿಲ ತೋಡುವಂತೆ ಇದೂ ನೆಲದಡಿಯ ನೀರು ಸಿಗುವವರೆಗೆ ಆಳವಾದ ಬಿಲ ತೋಡುತ್ತದೆ. ಹೈನಿಯಾನಾ ಮರಿಗಳು ಈ ಬಿಲಗಳಿಗೆ ಇಳಿದು, ಮನೆಯೊಡೆಯನ ಪಕ್ಕದಲ್ಲೇ ಬರಗಾಲವನ್ನೂ ಚಳಿಗಾಲವನ್ನೂ ಕಳೆಯುತ್ತವೆಂಬುದು ಕಂಡುಬಂದಿತು. ತಮಾಷೆಯೆಂದರೆ, ಮನೆಯೊಡೆಯನು ಅತಿಥಿಯನ್ನು ತಿನ್ನುವವನೇ! ಕ್ರೇಫಿಷ್ ಈ ಮರಿಗಳಿಗೆ ವೈರಿ. ಕೈಗೆ ಸಿಕ್ಕರೆ ಬಿಡುವುದಿಲ್ಲ.

ಹಾಗಾದರೆ ಹುಳುವನ್ನು ಉಳಿಸಬೇಕಾದರೆ ಕ್ರೇಫಿಷನ್ನು ಓಡಿಸಬೇಕೆ? ಮೇಲುನೋಟಕ್ಕೆ ಹಾಗೆಯೇ ತೋರುತ್ತದೆ. ಡೇನಿಯಲ್ ಸೊಲುಕ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇದನ್ನು ಜವುಗಿನಲ್ಲೇ ಪರೀಕ್ಷಿಸಿ ನೋಡಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೀರು ಇದ್ದಾಗ ಕ್ರೇಫಿಷ್ ಕೆಲವು ಮರಿಗಳನ್ನು ತಿನ್ನುವುದೇನೋ ನಿಜ. ಆದರೆ ನೀರು ಬತ್ತಿದಾಗ ಅದರ ಬಿಲವಿಲ್ಲದಿದ್ದರೆ ಮರಿಗಳಿಗೆ ಬೇರೆ ದಿಕ್ಕಿಲ್ಲ. ಕೂಡಿ ಕಳೆದು ನೋಡಿದರೆ ನಷ್ಟಕ್ಕಿಂತ ಲಾಭವೇ ಹೆಚ್ಚು. ವೈರಿಯನ್ನು ಓಡಿಸಿದ್ದರೆ ಹುಳುವೇ ಅಳಿಯುತ್ತಿತ್ತು. ಒಳ್ಳೆಯವರು, ಕೆಟ್ಟವರು ಎಂದು ನಾವು ಪ್ರಾಣಿಗಳಿಗೆ ಕೊಡುವ ಹೆಸರುಗಳನ್ನು ಪ್ರಕೃತಿಯು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹುಳುವಿಗೆ ದಾರಿ ಬಿಟ್ಟ ಸೇತುವೆ

1973ರಲ್ಲಿ ಅಮೇರಿಕವು ಅಳಿವಿನಂಚಿನ ಜೀವಿಗಳ ರಕ್ಷಣೆಗೆಂದು ಒಂದು ಕಾನೂನನ್ನು ಮಾಡಿತ್ತು. 1995ರಲ್ಲಿ ಹೈನಿಯಾನಾ ಆ ಕಾನೂನಿನ ಪಟ್ಟಿಗೆ ಸೇರಿತು. ಅದರ ಕುಲದಿಂದ ಆ ಪಟ್ಟಿಗೆ ಸೇರಿದ್ದು ಇದೇ ಮೊದಲು. ಇನ್ನು ಅದನ್ನು ಕೊಲ್ಲುವುದಾಗಲಿ ಅದರ ನೆಲೆಯನ್ನು ಕೆಡಿಸುವುದಾಗಲಿ ಅಪರಾಧ.

ಅದೇ ಕಾಲಕ್ಕೆ ಈ ಕಣಿವೆಯನ್ನು ದಾಟಿ ಹೋಗುವ ಒಂದು ಹೆದ್ದಾರಿಯ ಯೋಜನೆ ನಡೆದಿತ್ತು. ಜನರಿಗೆ ರಸ್ತೆ ಬೇಕಾಗಿತ್ತು. ದಕ್ಷಿಣದ ಊರುಗಳು ಬೆಳೆಯುತ್ತಿದ್ದವು. ಆದರೆ ಈ ಹುಳು ನೆಲದಿಂದ ಕೆಲವೇ ಅಡಿ ಎತ್ತರದಲ್ಲಿ ಹಾರುವ ಸ್ವಭಾವದ್ದು. ರಸ್ತೆ ತಗ್ಗಿನಲ್ಲಿ ಹಾದರೆ ಮೋಟಾರುಗಳಿಗೆ ಬಡಿದು ಸಾಯುವುದು ಖಂಡಿತ. ನೂರಾರು ಮಾತ್ರ ಇರುವಲ್ಲಿ ದಿನಕ್ಕೊಂದು ಸತ್ತರೂ ಉಳಿಗಾಲವಿಲ್ಲ. ಕಡೆಗೆ ಇಂಜಿನಿಯರರು ನದಿ, ಕಾಲುವೆ, ರೈಲುಹಳಿ, ಜವುಗು ಎಲ್ಲವನ್ನೂ ಒಂದೇ ಸೇತುವೆಯಿಂದ ದಾಟಿಸಿದರು. ಒಂದೂಕಾಲು ಮೈಲಿಗೂ ಮೀರಿದ ಆ ಸೇತುವೆಯನ್ನು ಹುಳುವಿನ ಹಾರಾಟಕ್ಕಿಂತ ಬಹಳ ಮೇಲಕ್ಕೆ ಎತ್ತಿ ಕಟ್ಟಿದರು. 2007ರ ನವೆಂಬರಿನಲ್ಲಿ ಹೆದ್ದಾರಿ ತೆರೆಯಿತು. ಮೇಲೆ ಮೋಟಾರು, ಕೆಳಗೆ ಹುಳು, ಇಬ್ಬರಿಗೂ ದಾರಿ. 2007ರಲ್ಲಿಯೇ ಸರಕಾರವು ಈ ಜಾತಿಗೆ ಅತ್ಯವಶ್ಯವಾದ ನೆಲೆಗಳನ್ನು ಗುರುತಿಸಿ ಘೋಷಿಸಿತು. 2010ರಲ್ಲಿ ಆ ಪಟ್ಟಿಯನ್ನು ಇನ್ನೂ ಬೆಳೆಸಿತು.

ಇಲಿನಾಯ್ ಹಿಂಡಿನ ಸಂಖ್ಯೆ ತೀರ ಕಡಿಮೆಯಿರುವುದರಿಂದ ಇನ್ನೊಂದು ಪ್ರಯತ್ನವೂ ನಡೆದಿದೆ. ಹೆಣ್ಣು ಹುಳುವನ್ನು ಮೆತ್ತಗೆ ಹಿಡಿದು ಅದರ ಬಾಲದ ತುದಿಯನ್ನು ನೀರಿಗೆ ಮುಟ್ಟಿಸಿದರೆ ಅದು ಮೊಟ್ಟೆಗಳನ್ನು ಬಿಡುತ್ತದೆ. ಆ ಮೊಟ್ಟೆಗಳನ್ನು ಪ್ರಯೋಗಶಾಲೆಯಲ್ಲಿ ಕಾಪಾಡಿ, ಮರಿಗಳಿಗೆ ಆಹಾರ ಕೊಟ್ಟು, ವರ್ಷಗಟ್ಟಲೆ ಸಾಕಿ, ರೆಕ್ಕೆ ಬಂದವುಗಳನ್ನು ಜವುಗಿಗೆ ಬಿಡುತ್ತಾರೆ. ಸೌತ್ ಡಕೋಟಾ ವಿಶ್ವವಿದ್ಯಾಲಯದಲ್ಲಿಯೂ ಶಿಕಾಗೋ ಪಕ್ಕದ ಡುಪೇಜ್ ಜಿಲ್ಲೆಯ ಅರಣ್ಯ ಇಲಾಖೆಯಲ್ಲಿಯೂ ಈ ಕೆಲಸ ಸಾಗಿದೆ. ಹುಳುವೊಂದನ್ನು ಸಾಕಲು ಬೇಕಾಗುವ ಕಾಲದಲ್ಲಿ ನಮ್ಮ ಮಗುವೊಂದು ಹುಟ್ಟಿ ಬಾಲವಾಡಿಯನ್ನೂ ಮುಗಿಸಿರುತ್ತದೆ!

ಒಂದು ಹುಳುವಿಗಾಗಿ ಇಷ್ಟೆಲ್ಲವೆ?

ಈ ಪ್ರಶ್ನೆಯನ್ನು ಅಮೇರಿಕದಲ್ಲಿಯೂ ಕೇಳಿದರು. ನಮ್ಮ ಓದುಗರಲ್ಲಿಯೂ ಕೆಲವರು ಈಗ ಕೇಳಿಕೊಳ್ಳುತ್ತಿರಬಹುದು. ನ್ಯಾಯವಾದ ಪ್ರಶ್ನೆಯೇ. ಮನುಷ್ಯರ ಮನೆ, ರಸ್ತೆ, ಉದ್ಯೋಗಗಳ ಎದುರಿನಲ್ಲಿ ಗ್ರಾಮಿಗೂ ಕಡಿಮೆ ತೂಕದ ಹುಳುವನ್ನು ತಕ್ಕಡಿಯಲ್ಲಿಟ್ಟರೆ ಅದು ಮೇಲೇಳದೆ ಇದ್ದೀತೆ?

ಆದರೆ ತಕ್ಕಡಿಯಲ್ಲಿರುವುದು ಹುಳು ಒಂದೇ ಅಲ್ಲ. ಹುಳುವಿಗೆ ಬೇಕಾದದ್ದು ಒರತೆ. ಒರತೆಗೆ ಬೇಕಾದದ್ದು ದಿಣ್ಣೆಯ ಮೇಲೆ ಮಳೆ ಇಂಗುವ ನೆಲ. ಆ ನೆಲಕ್ಕೆಲ್ಲ ಕಾಂಕ್ರೀಟು ಹಾಸಿದರೆ, ಕೊಳವೆಬಾವಿಗಳಿಂದ ನೀರನ್ನು ಎಳೆದರೆ, ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಚೆಲ್ಲುವ ಉಪ್ಪು ಅಂತರ್ಜಲಕ್ಕೆ ಸೇರಿದರೆ, ಮೊದಲು ಸಾಯುವುದು ಹುಳು. ಕೊನೆಗೆ ಬಾಯಾರುವುದು ಮನುಷ್ಯ. ಇದು ಬರಿಯ ಮಾತಲ್ಲ. ಇದೇ ಕಣಿವೆಯ ಜೋಲಿಯಟ್ ನಗರವು ಇನ್ನೂ ಆಳದ ಕಲ್ಲುಪದರದ ಅಂತರ್ಜಲವನ್ನು ನೂರಾರು ಕೊಡಗಳಲ್ಲಲ್ಲ, ಹೊಳೆಹೊಳೆಯಾಗಿ ಎತ್ತಿ ಎತ್ತಿ, ಇನ್ನು ಅದು ಸಾಲದೆಂದು ಕಂಡುಕೊಂಡು, 2030ರ ಹೊತ್ತಿಗೆ ಶಿಕಾಗೋದ ಮೂಲಕ ಮಿಷಿಗನ್ ಸರೋವರದ ನೀರನ್ನು ತರಿಸಿಕೊಳ್ಳುವುದೆಂದು 2021ರಲ್ಲಿ ನಿಶ್ಚಯಿಸಿತು. ಕೊಳವೆಬಾವಿ ಬತ್ತುವುದೆಂದರೆ ಏನೆಂದು ಬೆಂಗಳೂರಿನ ನೆಂಟರಿರುವ ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದುದರಿಂದ ಪಚ್ಚೆಗಣ್ಣಿನ ಹುಳು ಹಾರಾಡುತ್ತಿರುವ ತನಕ ಆ ಕಣಿವೆಯ ಒರತೆ ಜೀವಂತವಾಗಿದೆಯೆಂದು ಅರ್ಥ. ಅದಕ್ಕಿಂತ ಅಗ್ಗದ ಕಾವಲುಗಾರ ಯಾವ ನಗರಸಭೆಗೆ ಸಿಕ್ಕೀತು?

ನಮ್ಮ ಕೆರೆಗಳ ಕಡೆಗೆ

ನಮ್ಮ ದೇಶದ ಈ ಹುಳುಗಳ ಲೆಕ್ಕಪುಸ್ತಕವನ್ನು ಬರೆದವರು ಲೆಫ್ಟಿನೆಂಟ್ ಕರ್ನಲ್ ಫ್ರೇಸರ್ ಎಂಬ ಸೈನ್ಯದ ವೈದ್ಯರು. ವಿಲಿಯಮ್‌ಸನ್ನರಿಗೆ ಬ್ಯಾಂಕು ಹೇಗೋ ಇವರಿಗೆ ಆಸ್ಪತ್ರೆ ಹಾಗೆ. ಕೊಡಗು, ನೀಲಗಿರಿ, ಮಲಬಾರಿನ ತೊರೆಗಳಲ್ಲಿ ಅಲೆದು ಅವರು ಸಂಗ್ರಹಿಸಿದ ತಿಳಿವಳಿಕೆಯು 1933, 1934, 1936ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದಿಗೂ ಈ ವಿಷಯದಲ್ಲಿ ತೊಡಗುವವರು ಆ ಸಂಪುಟಗಳನ್ನು ತೆರೆಯದೆ ಮುಂದೆ ಹೋಗಲಾರರು. ಪಶ್ಚಿಮ ಘಟ್ಟದ ಎಷ್ಟೋ ಜಾತಿಗಳು ಪ್ರಪಂಚದ ಬೇರಾವ ಮೂಲೆಯಲ್ಲಿಯೂ ಇಲ್ಲ. ಹೊಸ ಜಾತಿಗಳು ಈಗಲೂ ಅಲ್ಲಿ ಸಿಗುತ್ತಿವೆ.

ಇದಕ್ಕೆ ಘಟ್ಟಕ್ಕೇ ಹೋಗಬೇಕೆಂದಿಲ್ಲ. ಶಿಕಾಗೋದ ಕಥೆ ನಮಗೆ ಹೇಳುವುದು ಅದನ್ನೇ. ಮುಂಬಯಿಯ ಪೊವಾಯಿ ಕೆರೆಯಾಗಲಿ, ಪುಣೆಯ ಪಾಷಾಣ ಕೆರೆಯಾಗಲಿ, ಚೆನ್ನೈಯ ಪಳ್ಳಿಕರಣೆ ಜವುಗಾಗಲಿ, ದಿಲ್ಲಿಯ ಯಮುನೆಯ ದಂಡೆಯಾಗಲಿ, ನಾವಿರುವ ಊರಿನ ನೀರೂ ನೋಡತಕ್ಕದ್ದೇ. ಒಂದು ಭಾನುವಾರದ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ದಾರ ಕಟ್ಟದೆ, ಬಲೆ ಬೀಸದೆ, ಸುಮ್ಮನೆ ಒಂದು ಗಳಿಗೆ ನಿಂತು ನೋಡಿರಿ. ಕೆಂಪು ಎಷ್ಟು, ನೀಲಿ ಎಷ್ಟು, ಕುಳಿತಾಗ ರೆಕ್ಕೆ ಚಾಚುವುದು ಯಾವುದು, ಮಡಿಸುವುದು ಯಾವುದು ಎಂದು ಮಕ್ಕಳೇ ಎಣಿಸಲಿ. ಒಂದು ನೋಟುಬುಕ್ಕಿನಲ್ಲಿ ತಾರೀಖು, ಸ್ಥಳ, ಕಂಡ ಬಣ್ಣಗಳನ್ನು ಬರೆದಿಡಲಿ. 1929ರಲ್ಲಿ ಯಾರೋ ತಾರೀಖು ಮತ್ತು ಸ್ಥಳ ಬರೆದಿಟ್ಟಿದ್ದರಿಂದಲೇ ಏನು ಕಳೆಯಿತು, ಏನು ಸಿಕ್ಕಿತು ಎಂಬುದು 1988ರಲ್ಲಿ ತಿಳಿಯುವಂತಾಯಿತು. ಬರೆದಿಡದ ಜೀವಿ ಹೋದರೆ ಹೋದುದೂ ಗೊತ್ತಾಗುವುದಿಲ್ಲ.

ಹೈನಿಯಾನಾ ಸಿಕ್ಕಿತೆಂದರೆ ಉಳಿಯಿತೆಂದು ಅರ್ಥವಲ್ಲ. ಅದು ಇಂದಿಗೂ ಅಳಿವಿನಂಚಿನ ಪಟ್ಟಿಯಲ್ಲೇ ಇದೆ. ಮಿಸೂರಿಯಲ್ಲಿ ಕಾಡುಬಿದ್ದ ಹಂದಿಗಳು ಜವುಗನ್ನು ಉತ್ತುಹಾಕುತ್ತಿವೆ. ಇಲಿನಾಯ್‌ನಲ್ಲಿ ಪರದೇಶದ ಜೊಂಡು ಸಣ್ಣ ಹರಿವುಗಳನ್ನು ಮುಚ್ಚುತ್ತಿದೆ. ಮಳೆಯ ಲೆಕ್ಕ ಎಲ್ಲ ಕಡೆಯೂ ತಪ್ಪುತ್ತಿದೆ. ಒಂದು ಜೀವಿಯ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆಯುವುದು ಸುಲಭ. ಅದನ್ನು ಅಳಿಸಿ ‘ಇದೆ’ ಎಂದು ಬರೆಯುವುದಕ್ಕೆ ಅಮೇರಿಕದವರಿಗೆ ಹಲವು ದಶಕಗಳು ಬೇಕಾದುವು. ‘ಇದೆ’ ಎಂಬುದನ್ನು ಉಳಿಸಿಕೊಳ್ಳುವುದು ದಿನದಿನದ ಕೆಲಸ. ಆ ಕಣಿವೆಯಲ್ಲಿ ಅದು ಈಗಲೂ ನಡೆದಿದೆ.